ಹಿಂದಿನ ಖೋಲಿಯವಳು ಹೇಳಿದ ಮಾತು

ಮೊನ್ನೆ ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದೆ. ಘಮ ಎದ್ದದ್ದೇ ತಡ, ಹಿತ್ತಲ ಬಾಗಿಲ ಕಡೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆರು ವರ್ಷದ ಹಿಂದೆ ಈ ವಾಸನೆಗೆ ಅಲ್ಲೊಬ್ಬಳು ಬಂದು ನಿಲ್ಲುತ್ತಿದ್ದಳು...

ಗೋವಾದ ಝುವಾರಿನಗರದ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದಳು ಆಕೆ. ಆಫ್ರಿಕಾದಿಂದ ಓದಲು ಬಂದು, ಓದು ಅರ್ಧಕ್ಕೆ ನಿಂತು, ಹೆಂಗಸರಿಗೆ ಸಣ್ಣ ಸಣ್ಣ ಜಡೆ ಹೆಣೆಯುವ ಕೆಲಸ ಮಾಡುತ್ತಿದ್ದಳು. ವೀಸಾ ಮುಗಿದಿತ್ತು. ಅವರ ಊರಲ್ಲೂ ಶೇಂಗಾ ಇಲ್ಲದೆ ಅಡಿಗೆ ಇಲ್ಲವಂತೆ. ನನ್ನ ಚಟ್ನಿ ಬಾಯಿಗಿಟ್ಟು, "ಅಕ್ಕಾ, ಮಿರ್ಚಿ ಜಾಸ್ತಿ, ಶೇಂಗಾ ಕಮ್ಮಿ. ಕಂಜೂಸ್!" ಅನ್ನುವಳು. "ತಿನ್ನೂದಿದ್ರ ತಿನ್ನು, ಇಲ್ಲಾಂದ್ರ ತಾಟ ಇಡು," ಅನ್ನುವೆ ನಾನು. ನಗುತ್ತಾ ಇನ್ನೊಂದು ರೊಟ್ಟಿಗೆ ಕೈ ಹಾಕುವಳು.

ಆಕೆಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಆಕೆಯ ಹತ್ತಿರ ಫ್ರಿಜ್ ಇರಲಿಲ್ಲ. ಔಷಧಿ ನಮ್ಮ ಫ್ರಿಜ್ಜಿನಲ್ಲಿ, ಹಾಲಿನ ಪಾಕೀಟಿನ ಪಕ್ಕ ಇರುತ್ತಿತ್ತು.

ನಾವೊಂದು ತಪ್ಪು ಮಾಡಿದ್ದೆವು. ಇಲ್ಲಿ ಯಾರನ್ನು ಬಾಡಿಗೆಗಿಟ್ಟರೂ ಪೊಲೀಸ್ ಠಾಣೆಗೆ ಫಾರ್ಮ್ ಕೊಡಬೇಕು; ಕೊಡದಿದ್ದರೆ ಮನೆಯವರ ಮೇಲೇ ಕೇಸು. ನಾಳೆ ಕೊಟ್ಟರಾಯಿತೆಂದು ಯಜಮಾನರು ಬಿಟ್ಟರು. ನಾನೂ ನೆನಪು ಮಾಡಲಿಲ್ಲ.

ಒಂದು ಮುಂಜಾನೆ ಪೊಲೀಸರು ಬಂದರು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋದೆ. "ಸರ್, ಮುಝೆ ಶುಗರ್ ಹೈ. ಇಂಜೆಕ್ಷನ್, ರೋಜ್," ಎಂದು ಆಕೆ ಎರಡು ಸಲ ಹೇಳಿದಳು. ನಮ್ಮ ಅಡಿಗೆಮನೆಯ ಕಡೆ ಕೈ ತೋರಿಸಿದಳು. "ಉಧರ್ ಸಬ್ ಮಿಲೇಗಾ, ಚಲ್," ಎಂದ ಪೊಲೀಸ, ಔಷಧಿ ಅಲ್ಲೇ ಸಿಗುತ್ತದೆಂದು. ನನ್ನತ್ತ ತಿರುಗಿ, ಈಕೆಯ ಪರಿಚಯವಿದೆಯೇ ಎಂದು ಕೇಳಿದ. ಇಲ್ಲವೆಂದು ತಲೆಯಾಡಿಸಿದೆ. ಆಕೆ ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು...

ವಿದೇಶಿಯರನ್ನು ಇಡುವ ಕೇಂದ್ರಕ್ಕೆ ಒಯ್ದರೆಂದು ಆಮೇಲೆ ತಿಳಿಯಿತು. ಫ್ರಿಜ್ಜಿನಲ್ಲೇ ಉಳಿದ ಔಷಧಿ ಹಿಡಿದು ಎರಡು ಬಸ್ ಬದಲಿಸಿದರೆ ಮುಟ್ಟಬಹುದಿತ್ತು. ನಾನು ಬಸ್ ಹತ್ತಲಿಲ್ಲ. ಬಸವಣ್ಣನ ಗುಡಿಯಲ್ಲಿ ಆಕೆಯ ಹೆಸರಿನಿಂದ ದೀಪ ಹಚ್ಚಿ ಐದು ಸೋಮವಾರದ ಹರಕೆ ಹೊತ್ತೆ. ಪೊಲೀಸರು ನಮ್ಮ ಫಾರ್ಮಿನ ಮಾತು ಎತ್ತಲಿಲ್ಲ, ದೇವರು ದೊಡ್ಡವನು ಎಂದು ಒಂದು ಕಾಯಿಯನ್ನೂ ಒಡೆಸಿದೆ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತಿದ್ದೇನೆ. ಎರಡನೆಯ ಸೋಮವಾರ ಬರುವ ಮೊದಲೇ ಆಕೆ ಇನ್ಸುಲಿನ್ ಸಿಗದೆ ಆ ಕೇಂದ್ರದಲ್ಲೇ ತೀರಿಕೊಂಡಳು.

ವಿಚಾರಣೆಗೆ ಒಬ್ಬ ಅಧಿಕಾರಿ ಮನೆಗೆ ಬಂದರು. "ಆಕಿ ನಮ್ಮ ಬಾಡಿಗಿಯಾಕಿ ಅಲ್ರಿ. ಬಂದು ಹೋಗಾಕಿ ಅಷ್ಟ," ಎಂದರು ಯಜಮಾನರು. ಒಯ್ಯುವಾಗ ಕಾಯಿಲೆಯ ಮಾತೇನಾದರೂ ಆಡಿದಳೇ ಎಂದು ಅಧಿಕಾರಿ ನನ್ನನ್ನು ಕೇಳಿದರು. "ಏನೂ ಕೇಳಿಸ್ಲಿಲ್ರಿ," ಎಂದೆ. ಅವರಿಗೆ ಚಹಾ ಬೇರೆ ಕೊಟ್ಟೆ.

ಆಕೆ ತನ್ನ ಕಾಯಿಲೆ ಯಾರಿಗೂ ತಿಳಿಸಿರಲಿಲ್ಲ, ಆದ್ದರಿಂದ ಯಾರ ಲೋಪವೂ ಇಲ್ಲ ಎಂದು ವರದಿ ಬಂತು. ಕೂಡಿಹಾಕಿದ ಮೇಲೆ ಆ ಜೀವ ಸರ್ಕಾರದ ಕೈಯಲ್ಲಿತ್ತು. ಉತ್ತರ ಕೊಡಬೇಕಾದವರು ಅವರು. ಕೊಡದೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟವಳು ನಾನು.

ಆಕೆಯ ಅಕ್ಕ ತನ್ನ ದೇಶದಿಂದಲೇ ಕೇಸು ಹಾಕಿಸಿ, ಇಷ್ಟು ವರ್ಷವಾದರೂ ಬಿಟ್ಟಿಲ್ಲ. ಅವರ ಪರವಾಗಿರುವ ವಕೀಲರು ಬೆಳಗಾವಿ ಕಡೆಯ ಹೆಣ್ಣುಮಗಳು. ಶೇಂಗಾ ಹುರಿದ ಮರುದಿನ, ಮನೆಯಲ್ಲಿ ಹೇಳಿಯೇ, ಅವರ ಆಫೀಸಿಗೆ ಹೋದೆ. ಹೇಳಿದ್ದನ್ನೆಲ್ಲ ಬರೆದುಕೊಂಡರು.

"ಅವತ್ತ ಯಾಕ ಸುಳ್ಳ ಹೇಳಿದ್ರಿ ಅಂತ ಸರ್ಕಾರದ ವಕೀಲರು ಕೇಳ್ತಾರ್ರಿ ಅಕ್ಕಾರ. ಏನಂತ ಬರೀಲಿ?"

"ಅಂಜಿದ್ದೆ ಅಂತ ಬರೀರಿ."

"ಫಾರ್ಮಿನ ಮಾತೂ ಹೊರಗ ಬರ್ತದ."

"ಬರ್ಲಿ ಬಿಡ್ರಿ."

ಸಹಿ ಮಾಡಿದೆ. ಇದರ ಒಂದು ಪ್ರತಿಯನ್ನು ಇಂಗ್ಲಿಷಿಗೆ ಮಾಡಿಸಿ ಆಕೆಯ ಅಕ್ಕನಿಗೂ ಕಳಿಸುತ್ತೇನೆ ಎಂದರು ವಕೀಲರು. ನಾನದನ್ನು ಯೋಚಿಸಿಯೇ ಇರಲಿಲ್ಲ. ತನ್ನ ತಂಗಿ ಎರಡು ಸಲ ಹೇಳಿದ್ದಳೆಂದು ಆ ಹೆಣ್ಣುಮಗಳಿಗೆ ಈಗ ತಿಳಿಯುತ್ತದೆ. ಅದನ್ನು ಕೇಳಿಸಿಕೊಂಡು ಆರು ವರ್ಷ ಸುಮ್ಮನಿದ್ದವಳು ಯಾರೆಂಬುದೂ ತಿಳಿಯುತ್ತದೆ.