ಅಕ್ಕನಿಗೆ ಕೊಡಲಾಗದ ಕಿಡ್ನಿ

ಅಕ್ಕನ ಬಿಪಿ ಯಾವ ಮಾತ್ರೆಗೂ ಇಳಿಯುತ್ತಿರಲಿಲ್ಲ. ಸ್ಕ್ಯಾನ್ ಮಾಡಿಸಿದಾಗ ಎರಡೂ ಕಿಡ್ನಿಗಳ ತುಂಬ ನೀರುಗುಳ್ಳೆಗಳು ಕಂಡವು. ಇದು ಹುಟ್ಟಿನಿಂದ ಬಂದದ್ದು, ಗುಳ್ಳೆ ಬೆಳೆದಂತೆಲ್ಲ ಕಿಡ್ನಿ ಕೆಲಸ ಬಿಡುತ್ತ ಹೋಗುತ್ತದೆ, ನಿಲ್ಲಿಸಲಾಗದು, ನಿಧಾನ ಮಾಡಬಹುದು ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು.

“ನನಗ ಎಲ್ಲೂ ನೋವ ಇಲ್ಲಲ್ಲ,” ಅಂದಳು ಅಕ್ಕ, ಹೊರಗೆ ಬಂದು.

ನಾವಿಬ್ಬರೂ ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವರು. ಅವಳು ಯೆರವಡಾದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಪ್ರತಿ ರಕ್ತಪರೀಕ್ಷೆಯಲ್ಲೂ ಕ್ರಿಯಾಟಿನಿನ್, ಕಿಡ್ನಿ ಸೋತಷ್ಟೂ ರಕ್ತದಲ್ಲಿ ಉಳಿಯುವ ಕಸ, ಸ್ವಲ್ಪ ಏರಿರುತ್ತಿತ್ತು. ಅವಳು ಮಾತ್ರ ಎಂದಿನಂತೆ ಪಾಠ ಮಾಡಿ ಬರುತ್ತಿದ್ದಳು. ಏನೂ ಆಗುವುದಿಲ್ಲವೆಂದು ನೋವಿಲ್ಲದ ಆ ವರ್ಷಗಳು ನಮ್ಮನ್ನು ನಂಬಿಸಿಬಿಟ್ಟವು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಸಂಜೆ ಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತಿತ್ತು. ಮೈಯೆಲ್ಲ ತುರಿಕೆ. ರೊಟ್ಟಿ ಬಾಯಿಗಿಟ್ಟರೆ, “ಕಬ್ಬಿಣ ನೆಕ್ಕಿದಂಗ ಆಗ್ತದ” ಎಂದು ತಟ್ಟೆ ಸರಿಸುತ್ತಿದ್ದಳು.

ಡಯಾಲಿಸಿಸ್ ಶುರುವಾದ ಮೇಲೆ ನಾನು ಹೇಳಿದೆ, “ನಂದೊಂದು ಕಿಡ್ನಿ ಕೊಡ್ತೀನಿ. ನೀ ಏನೂ ಮಾತಾಡಬ್ಯಾಡ.”

ನನ್ನ ಸ್ಕ್ಯಾನ್ ಮಾಡುತ್ತಿದ್ದವರು ನೋಡಿದ ಜಾಗವನ್ನೇ ಮತ್ತೆ ನೋಡಿದರು. ನನ್ನಲ್ಲೂ ಅವೇ ಗುಳ್ಳೆಗಳಿದ್ದವು. ಇದು ಹೆತ್ತವರಿಂದ ಮಕ್ಕಳಿಗೆ ಇಳಿಯುವ ರೋಗವಂತೆ. ಕೊಡುವ ಮಾತು ಅಲ್ಲಿಗೆ ಮುಗಿಯಿತು.

ಅಕ್ಕನಿಗೆ ಹೇಳಿದ್ದು ಡಯಾಲಿಸಿಸ್ ವಾರ್ಡಿನಲ್ಲಿ. ಸುತ್ತಲಿನವರಿಗೆ ಕನ್ನಡ ತಿಳಿಯದು, ಆದರೂ ದನಿ ತಗ್ಗಿಸಿದೆ. ಅವಳು ಯಂತ್ರದೊಳಗೆ ಸುತ್ತುತ್ತಿದ್ದ ತನ್ನ ರಕ್ತವನ್ನೇ ನೋಡುತ್ತ ಮಲಗಿದ್ದಳು.

“ಅಪ್ಪನ್ನೂ ಇದ ತಿಂತು ಅನಸ್ತದ,” ಅಂದಳು. ಕೊನೆಯ ದಿನಗಳಲ್ಲಿ ಅಪ್ಪನ ಮುಖ ಊದಿಕೊಂಡಿತ್ತು. ಎದೆರೋಗವೆಂದೇ ನಾವು ತಿಳಿದಿದ್ದೆವು.

ಸೂಜಿಯಿಲ್ಲದ ಕೈಯಿಂದ ನನ್ನ ಕೈ ಹಿಡಿದಳು. “ನನಗ ಕಿಡ್ನಿ ಸಿಗಲಿಲ್ಲಂತ ದುಃಖಿಲ್ಲ. ನಿನಗೂ ಇದ ಐತಲ್ಲ, ಅದನ್ನ ತಡಕೊಳ್ಳಾಕ ಆಗವಲ್ದು.” ಅಷ್ಟು ವರ್ಷಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅಂದೇ.

ಮರುವರ್ಷದ ಮಳೆಗಾಲದಲ್ಲಿ ಅವಳಿಗೆ ರಕ್ತದಲ್ಲಿ ಸೋಂಕಾಯಿತು. ಜ್ವರ ಇಳಿಯಲೇ ಇಲ್ಲ. ಅಕ್ಕ ಹೋದಳು.

ಈಗ ನನ್ನ ಕ್ರಿಯಾಟಿನಿನ್ ಏರುತ್ತಿದೆ. ಮುಂದೆ ಇನ್ನೂ ಕೆಲವು ನೋವಿಲ್ಲದ ವರ್ಷಗಳಿವೆ. ಅವು ಮುಗಿದ ಮೇಲೆ ಯಾವುದರ ಹಿಂದೆ ಯಾವುದು ಬರುತ್ತದೆಂದು ಯಾರೂ ನನಗೆ ಹೇಳಬೇಕಾಗಿಲ್ಲ. ಉಪ್ಪು ಬಿಟ್ಟಿದ್ದೇನೆ, ಬಿಪಿ ಮಾತ್ರೆ ತಪ್ಪಿಸುವುದಿಲ್ಲ.

ಮೊನ್ನೆ ವಾಕಡದ ನಮ್ಮ ಮನೆಯಲ್ಲಿ ಬಟ್ಟೆ ಮಡಚುತ್ತ ಮಗಳು ಕೇಳಿದಳು, “ಅವ್ವಾ, ನಾನೂ ಸ್ಕ್ಯಾನ್ ಮಾಡಿಸ್ಲೇನು?”

“ಮಾಡಿಸು,” ಅಂದೆ. “ನಾನೂ ಬರ್ತೀನಿ.”