ಕಾರಣ ಕೇಳದ ಪುಟ

ನಮ್ಮ ಡಿಪೊದಲ್ಲಿ ಇನ್ನೂರ ಹತ್ತು ಜನ ಕಂಡಕ್ಟರುಗಳು. ಅಷ್ಟೂ ಜನ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಾರೆ. ನಿಜವಾಗಿ ಚಿಕ್ಕಮ್ಮ ಆಗಬೇಕಾದ್ದು ನನಗೊಬ್ಬಳಿಗೇ. ನಮ್ಮಮ್ಮನ ಒಡಹುಟ್ಟಿದ ತಂಗಿ. ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದು ಮಂಡಿ ಸವೆದ ಮೇಲೆ ಅವಳನ್ನು ಟಿಕೆಟ್ ಮಷಿನ್ ರೂಮಿಗೆ ಹಾಕಿದರು. ಬೆಳಿಗ್ಗೆ ಮಷಿನ್ ಕೊಡುವುದು, ಡ್ಯೂಟಿ ಮುಗಿಸಿ ಬಂದವರಿಂದ ವಾಪಸ್ ಪಡೆದು ಚಾರ್ಜಿಗೆ ಇಡುವುದು, ಅಷ್ಟೇ ಕೆಲಸ. ಫ್ಯಾನು ತಿರುಗುವುದಕ್ಕಿಂತ ಗೊರಗುಟ್ಟುವುದೇ ಹೆಚ್ಚು. ಮೂಲೆಯಲ್ಲೊಂದು ಹಳೇ ಕಂಪ್ಯೂಟರ್.

"ಇಲ್ಲಿ ಕೂತು ತುಕ್ಕು ಹಿಡೀಲಿ ಅಂತ ಹಾಕಿದಾರೆ. ಹಿಡಿಯಲ್ಲ ಕಣೇ ನಾನು," ಎಂದಳು ಮೊದಲನೇ ದಿನವೇ.

ಮುಂದೆ ಅವಳು ಮಾಡಿದ್ದನ್ನು ಹೇಳುವ ಮೊದಲು ಕೆಂಪು ಪೆನ್ನಿನ ವಿಷಯ ಹೇಳಬೇಕು. ನಮಗೆಲ್ಲ ಡ್ಯೂಟಿ ಹಾಕುವ ಕಂಟ್ರೋಲರಿಗೆ ನಾವಿಟ್ಟ ಹೆಸರು ಅದು. ಯಾರಿಗಾದರೂ ಡ್ಯೂಟಿ ಬದಲಾಯಿಸಿಕೊಳ್ಳಬೇಕಿದ್ದರೆ ಅವನ ಮೇಜಿನ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಚೀಟಿ ನೋಡುವ ಮೊದಲೇ ಅವನ ಪ್ರಶ್ನೆ: ಯಾಕೆ? ಮೂಲವ್ಯಾಧಿ ಆದವನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಮೂಲವ್ಯಾಧಿ ಎನ್ನಬೇಕು. ಗಂಡನ ಮೇಲೆ ಕೇಸು ಹಾಕಿ ಕೋರ್ಟಿಗೆ ಅಲೆಯುವವಳು ಅದನ್ನೂ ಬಾಯಿಬಿಟ್ಟು ಹೇಳಬೇಕು. ಮನಸ್ಸಾದರೆ ಸಹಿ, ಇಲ್ಲದಿದ್ದರೆ ಅಡ್ಡಡ್ಡ ಒಂದು ಕೆಂಪು ಗೀಟು.

ನನಗೆ ಬೇಕಾಗಿದ್ದು ಬುಧವಾರದ ಬೆಳಿಗ್ಗೆ ಮಾತ್ರ. ನನ್ನ ಮಗಳಿಗೆ ನಾಲ್ಕು ವರ್ಷ. ಕಿವಿ ಮಂದ, ಮಷಿನ್ ಹಾಕಿಸಿದ್ದೇವೆ. ಮಾತು ಕಲಿಸುವ ತರಗತಿ ಬುಧವಾರ ಬೆಳಿಗ್ಗೆ ಹತ್ತಕ್ಕೆ, ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂರಲೇಬೇಕು. ಅವಳಪ್ಪ ಲಾರಿ ಓಡಿಸುತ್ತಾನೆ, ಹತ್ತು ದಿನಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಸತತ ಮೂರು ವಾರ ತಪ್ಪಿಸಿದರೆ ಸೀಟು ಹೋಗುತ್ತದೆ. ಆ ಸೀಟಿಗಾಗಿ ಅರವತ್ತು ಮಕ್ಕಳು ಕಾಯುತ್ತಿದ್ದಾರೆ.

"ಇನ್ನೂ ಮಾತು ಬಂದಿಲ್ವೇನಮ್ಮ ನಿನ್ನ ಮಗೂಗೆ?" ಎಂದ ಕೆಂಪು ಪೆನ್ನು ಒಂದು ದಿನ, ಇಡೀ ಸಾಲಿಗೆ ಕೇಳುವಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಮಷಿನ್ ರೂಮಿಗೆ ಹೋಗಿ ಗೊಳೋ ಎಂದು ಅತ್ತೆ.

ಚಿಕ್ಕಮ್ಮ ಸಮಾಧಾನ ಮಾಡಲಿಲ್ಲ. ರಟ್ಟು ಕಿತ್ತುಹೋದ ನಿಯಮದ ಪುಸ್ತಕ ತೆಗೆದು ಒಂದೊಂದೇ ಪುಟ ಓದಿದಳು. ಒಂದೇ ದರ್ಜೆಯವರು ತಮ್ಮೊಳಗೆ ಡ್ಯೂಟಿ ಬದಲಾಯಿಸಿಕೊಳ್ಳುವುದಾದರೆ ಹಿಂದಿನ ದಿನ ಸಂಜೆ ನಾಲ್ಕರೊಳಗೆ ಎಲ್ಲರ ಸಹಿಯೊಂದಿಗೆ ತಿಳಿಸಬೇಕು ಎಂದಿತ್ತು. ಕಾರಣ ಹೇಳಬೇಕೆಂದು ಎಲ್ಲಿಯೂ ಇರಲಿಲ್ಲ.

"ಅಯ್ಯೋ ನಮ್ಮ ದಡ್ಡತನಾನೇ! ಇಷ್ಟು ವರ್ಷ ಇವನ ಮುಂದೆ ಹಲ್ಲು ಗಿಂಜಿದ್ವಲ್ಲ!" ಎಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

ನಿಯಮ ಸಿಕ್ಕಿತು ಸರಿ, ಇನ್ನೂರ ಹತ್ತು ಜನರಲ್ಲಿ ಯಾರಿಗೆ ಯಾವ ಡ್ಯೂಟಿ ಬೇಕಾಗಿದೆ ಎಂದು ತಿಳಿಯುವುದು ಹೇಗೆ? ವಾಟ್ಸಾಪ್ ಗ್ರೂಪಿನಲ್ಲಿ ಕೇಳೋಣವೆಂದರೆ ಅಲ್ಲಿಯೂ ಕೆಂಪು ಪೆನ್ನು ಇದ್ದಾನೆ. ಟಿಕೆಟ್ ಮಷಿನ್ ರಿಪೇರಿಗೆ ಬರುವ ಹುಡುಗಿ ಒಂದು ದಾರಿ ಹೇಳಿದಳು. ಸಣ್ಣ ವೆಬ್ ಪುಟಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ ಆಂಟಿ, ಫ್ರೇಮ್‌ವರ್ಕ್ ಅಂತ ಹಗುರವಾದ ಸಿದ್ಧ ಚೌಕಟ್ಟು ಇದೆ, ಒಂದೇ ಫೈಲಿನಲ್ಲಿ ಮುಗಿಯುತ್ತೆ ಎಂದಳು. ಐವತ್ತೊಂದನೇ ವಯಸ್ಸಿನಲ್ಲಿ ಚಿಕ್ಕಮ್ಮ ಮೊಬೈಲಿನಲ್ಲಿ ಪುಕ್ಕಟೆ ಪಾಠ ಹಾಕಿಕೊಂಡು ಕೂತಳು. ಗೊತ್ತಿಲ್ಲದ ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಸೀಮೆಸುಣ್ಣದಿಂದ ಗೋಡೆಗೆ ಬರೆದಳು. ಎಂಟು ತಿಂಗಳಲ್ಲಿ ಗೋಡೆ ತುಂಬಿತು.

"ಇದ್ರಲ್ಲೂ ರೂಟ್ ಅಂತಾರೆ ಕಣೇ!" ಎಂದು ಒಂದು ದಿನ ನನ್ನ ಕೈ ಹಿಡಿದು ಎಳೆದಳು. "ಪುಟದ ವಿಳಾಸ ಅಂದ್ರೆ ಒಂದು ಸ್ಟಾಪು. ಆ ಸ್ಟಾಪಿಗೆ ಜನ ಬಂದ್ರೆ ಏನಾಗಬೇಕು ಅಂತ ನಾವು ನಾಲ್ಕು ಸಾಲು ಬರೆಯೋದು. ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ."

ಅವಳ ಪುಟಕ್ಕೆ ಇದ್ದದ್ದು ಮೂರೇ ಸ್ಟಾಪು. ಮೊದಲನೆಯದರಲ್ಲಿ ನಿನ್ನ ಹತ್ತಿರ ಇರುವ ಡ್ಯೂಟಿ ಯಾವುದು, ಬೇಕಾದದ್ದು ಯಾವುದು ಎಂದು ತುಂಬಬೇಕು. ಎರಡನೆಯದು ಜೋಡಿ ಹುಡುಕುತ್ತದೆ. ನೇರ ಜೋಡಿ ಸಿಗದಿದ್ದರೆ ನನ್ನದು ಅವಳಿಗೆ, ಅವಳದು ಇವನಿಗೆ, ಇವನದು ನನಗೆ ಎಂದು ಮೂವರನ್ನು ಸುತ್ತು ಹಾಕಿಸಿ ಕೂಡಿಸುತ್ತದೆ. ಮೂರನೆಯದು ಸಹಿ ಹಾಕುವ ಹಾಳೆಯನ್ನು ಅಚ್ಚು ಮಾಡುತ್ತದೆ. ಒಟ್ಟು ನೂರ ನಲವತ್ತಾರು ಸಾಲು. ಕಾರಣ ಎಂಬ ಕಾಲಂ ಅದರಲ್ಲಿ ಇರಲಿಲ್ಲ. ನಾನು ಹಾಳೆಯನ್ನು ಕೈಯಲ್ಲಿ ಹಿಡಿದು ಎರಡು ಸಲ ನೋಡಿದೆ.

ಚಿಕ್ಕಮ್ಮನ ಹಟ ಒಂದಿತ್ತು. ಯಾರಾದರೂ ಆ ಫೈಲು ಕೊಡು ಎಂದರೆ ಪೆನ್ ಡ್ರೈವಿಗೆ ಹಾಕಿ ಕೊಡುತ್ತಿರಲಿಲ್ಲ. ಅಚ್ಚು ಮಾಡಿದ ಮೂರು ಹಾಳೆ ಕೊಟ್ಟು, "ಕೈಯಾರೆ ಟೈಪ್ ಮಾಡು," ಎನ್ನುತ್ತಿದ್ದಳು. ಏಳು ಜನ ಶುರು ಮಾಡಿದೆವು. ಗೇಟಿನ ಹೊರಗಿನ ಝೆರಾಕ್ಸ್ ಅಂಗಡಿ ಅಕ್ಕನ ಕಂಪ್ಯೂಟರಿನಲ್ಲಿ ನಾನು ಪೂರ್ತಿ ಟೈಪ್ ಮಾಡಿದೆ. ಓಡಿಸಿದರೆ ಪರದೆ ತುಂಬ ಕೆಂಪು ಅಕ್ಷರ. ಎಲ್ಲಿ ತಪ್ಪಿದೆ ಹೇಳು ಎಂದರೆ, "ಅದು ಬೈತಿಲ್ಲ ಕಣೇ, ಎಲ್ಲಿ ಎಡವಿದೀಯ ಅಂತ ಹೇಳ್ತಿದೆ. ಓದು," ಎಂದು ಮುಖ ತಿರುಗಿಸಿದಳು. ಎಂಥ ಜಂಭ ಇವಳದು ಎಂದು ಬೈದುಕೊಂಡು ಅಲ್ಲಿಗೇ ಬಿಟ್ಟುಬಿಟ್ಟೆ.

ಆರು ವಾರ ಪುಟ ನಡೆಯಿತು. ಕೆಂಪು ಪೆನ್ನಿನ ಮೇಜಿನ ಮುಂದೆ ಸಾಲೇ ಇಲ್ಲ. ಅವನು ಸುಮ್ಮನಿರುತ್ತಾನೆಯೇ? ಆಮೇಲಿಂದ ಪ್ರತಿ ಬುಧವಾರ ಬೆಳಿಗ್ಗೆ ನನಗೇ ಡ್ಯೂಟಿ ಹಾಕಿದ. ಮ್ಯಾನೇಜರ್ ಹೇಳುವವರೆಗೂ ಈ ಹಾಳೆ ಮುಟ್ಟುವುದಿಲ್ಲ ಎಂದು ಎರಡು ವಾರ ನನ್ನ ಹಾಳೆಯನ್ನು ವಾಪಸ್ ಎಸೆದ. ಎರಡು ತರಗತಿ ತಪ್ಪಿತು.

ಮೂರನೇ ವಾರದ ಮಂಗಳವಾರ ಮಧ್ಯಾಹ್ನ ಒಂದಕ್ಕೆ ಡ್ಯೂಟಿ ಮುಗಿಸಿ ಮಷಿನ್ ಕೊಡಲು ಹೋದೆ. ರೂಮಿನಲ್ಲಿ ಮ್ಯಾನೇಜರ್ ನಿಂತಿದ್ದರು, ಪಕ್ಕದಲ್ಲಿ ಕೆಂಪು ಪೆನ್ನು. ಮ್ಯಾನೇಜರ್ ನಿಯಮ ಓದಿದ್ದರು. ಹಾಳೆ ಸರಿಯಾಗಿಯೇ ಇದೆ, ನಾಲ್ಕರೊಳಗೆ ಬಂದರೆ ತಗೊಳ್ಳಲೇಬೇಕು ಎಂದು ಕಂಟ್ರೋಲರಿಗೆ ಬರೆದುಕೊಟ್ಟೂ ಆಗಿತ್ತು. "ಆದ್ರೆ ಅನುಮತಿ ಇಲ್ಲದ ಪುಟ ಡಿಪೊ ಕಂಪ್ಯೂಟರಲ್ಲಿ ಇರಕೂಡದು. ನನ್ನೆದುರಿಗೇ ಅಳಿಸಿ," ಎಂದರು.

ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಕೂತು ಅಳಿಸಿದಳು. ಕೆಂಪು ಪೆನ್ನು ಗೋಡೆಗೆ ಅಂಟಿಸಿದ್ದ ಫೈಲಿನ ಅಚ್ಚು ಹಾಳೆಗಳನ್ನೂ ಕಿತ್ತ. ವಿವರಣೆ ಬರೆದುಕೊಡಿ ಎಂದು ಅವಳನ್ನು ಮ್ಯಾನೇಜರ್ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ನನ್ನನ್ನು ನೋಡಿ ಒಂದೇ ಮಾತು ಹೇಳಿದಳು: "ಓದೇ."

ನನ್ನ ಬುಧವಾರಕ್ಕೆ ಜೋಡಿ ಸಿಕ್ಕಿರಲಿಲ್ಲ. ತುಂಬಿದವರ ಹೆಸರೆಲ್ಲ ಆ ಪುಟದ ಜೊತೆಗೇ ಹೋಗಿತ್ತು. ನಾಲ್ಕಕ್ಕೆ ಉಳಿದಿದ್ದು ಮೂರೇ ಗಂಟೆ.

ಝೆರಾಕ್ಸ್ ಅಂಗಡಿಗೆ ಓಡಿದೆ. ಫೈಲು ತೆಗೆದು ಓಡಿಸಿದೆ, ಅದೇ ಕೆಂಪು. ಈ ಸಲ ಓದಿದೆ. ತೊಂಬತ್ತೆರಡನೇ ಸಾಲು ಎಂದಿತ್ತು. ಆ ಸಾಲನ್ನು ಚಿಕ್ಕಮ್ಮ ಕೊಟ್ಟಿದ್ದ ಹಾಳೆಯ ಜೊತೆ ಅಕ್ಷರ ಅಕ್ಷರ ಹೋಲಿಸಿದೆ, ಏನೂ ತಪ್ಪಿಲ್ಲ. ಅಳಿಸಿ ಮತ್ತೆ ಟೈಪ್ ಮಾಡಿದೆ, ಮತ್ತೆ ಕೆಂಪು. ಹೀಗೇ ಮುಕ್ಕಾಲು ಗಂಟೆ ಹೋಯಿತು. ಅಂಗಡಿ ಅಕ್ಕ ಒಂದು ಲೋಟ ನೀರು ತಂದಿಟ್ಟು, "ತೊಂಬತ್ತೆರಡನೇ ಮನೆಯಲ್ಲಿ ನೀರು ಸೋರ್ತಿದ್ರೆ ತೂತು ಮೇಲಿನ ಮನೇಲಿರುತ್ತೆ ಕಣಮ್ಮ," ಎಂದಳು. ತಮಾಷೆಗೆ ಅಂದಳೋ ಏನೋ. ಮೇಲಿನ ಸಾಲು ನೋಡಿದೆ. ತೆರೆದ ಕಂಸವನ್ನು ಮುಚ್ಚಿರಲಿಲ್ಲ ನಾನು! ಒಂದೇ ಒಂದು ಕಂಸ. ಮುಚ್ಚಿದೆ. ಪುಟ ಬಂತು.

ಅಂಗಡಿಯ ಶಟರಿಗೆ ವಿಳಾಸ ಬರೆದು ಅಂಟಿಸಿದೆ. ಗೇಟಿನಿಂದ ಹೊರಡುವ, ಒಳಗೆ ಬರುವ ಬಸ್ಸಿಗೆಲ್ಲ ಕೈ ಅಡ್ಡ ಹಾಕಿ ಗಂಟಲು ಹರಿಯುವ ಹಾಗೆ ಕೂಗಿದೆ. ಕಂಡಕ್ಟರುಗಳು ಇಳಿದು ಬಂದು ಅಂಗಡಿಯ ವೈಫೈ ಹಿಡಿದು ನಿಂತಲ್ಲೇ ತುಂಬಿದರು. ಮೂರು ಇಪ್ಪತ್ತಕ್ಕೆ ಮೂವತ್ತೊಂದು ಜನ ಆದರು. ಮೂರೂವರೆಗೆ ನನ್ನ ಹೆಸರಿನ ಮುಂದೆ ಒಂದು ಸುತ್ತು ಕೂಡಿತು. ಇನ್ನಿಬ್ಬರು ಯಾರು ಗೊತ್ತೆ? ಒಬ್ಬ ಮೂಲವ್ಯಾಧಿಯವನು. ಇನ್ನೊಬ್ಬಳು ಕೋರ್ಟಿಗೆ ಅಲೆಯುವವಳು. ಇಬ್ಬರೂ ನಗುತ್ತ ಸಹಿ ಹಾಕಿದರು.

ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಹಾಳೆಯನ್ನು ಕೆಂಪು ಪೆನ್ನಿನ ಟ್ರೇಗೆ ಹಾಕಿದೆ. ಅವನು ಅದನ್ನು ಹಿಡಿದುಕೊಂಡು ಸೀದಾ ಮ್ಯಾನೇಜರ್ ಕೋಣೆಗೆ ನುಗ್ಗಿದ. ಹಿಂದೆಯೇ ನಾನೂ ನುಗ್ಗಿದೆ. ಚಿಕ್ಕಮ್ಮ ಇನ್ನೂ ಬರೆಯುತ್ತಿದ್ದಳು.

"ಅಳಿಸಿದೆ ಅಂದ್ರಲ್ಲಮ್ಮ?" ಎಂದರು ಮ್ಯಾನೇಜರ್.

"ಅಳಿಸಿದೆ ಸಾರ್, ನಿಮ್ಮೆದುರಿಗೇ."

"ಮತ್ತೆ ಇದು?"

"ಅದು ನನ್ನದು ಸಾರ್," ಎಂದೆ. "ಗೇಟಿನ ಹೊರಗಿದೆ. ನಾನೇ ಟೈಪ್ ಮಾಡಿದ್ದು."

ಮ್ಯಾನೇಜರ್ ಹಾಳೆ ನೋಡಿದರು, ಕಿಟಕಿಯಾಚೆ ಮೊಬೈಲ್ ಹಿಡಿದು ನಿಂತಿದ್ದ ಗುಂಪನ್ನೂ ನೋಡಿದರು. "ಆಯ್ತಮ್ಮ, ಇರಲಿ. ಕಾರಣ ಅಂತ ಒಂದು ಕಾಲಂ ಹಾಕಿಬಿಡಿ. ಎಲ್ಲರಿಗೂ ಸಮಾಧಾನ. ಇದಕ್ಕೂ ಈಗಲೇ ಸೀಲ್ ಹಾಕ್ತೀನಿ."

ಗೋಡೆಯ ಗಡಿಯಾರದಲ್ಲಿ ಮೂರು ಐವತ್ತೇಳು. ಸೀಲು ಅವರ ಕೈಯಲ್ಲಿತ್ತು. ಹೂಂ ಎಂದರೆ ಮಗಳ ಸೀಟು ಉಳಿಯುತ್ತದೆ. ಚಿಕ್ಕಮ್ಮ ತಲೆ ಎತ್ತಲಿಲ್ಲ. ಅವಳ ಪೆನ್ನು ಮಾತ್ರ ನಿಂತಿತು.

"ಹಾಕಲ್ಲ ಸಾರ್," ಎಂದೆ. "ನಿಯಮದಲ್ಲಿ ಇಲ್ಲ. ಸರಿಯಾದ ಹಾಳೆ ನಾಲ್ಕರೊಳಗೆ ಬಂದಿದೆ, ತಗೊಳ್ಳಲೇಬೇಕು ಅಂತ ನೀವೇ ಬರೆದುಕೊಟ್ಟಿದೀರಿ. ನನ್ನದು ಅಳಿಸಿದ್ರೆ ಇನ್ನೂ ಆರು ಜನ ಅರ್ಧ ಟೈಪ್ ಮಾಡಿ ಇಟ್ಕೊಂಡಿದಾರೆ. ಮುಗಿಸ್ತಾರೆ."

ಕೆಂಪು ಪೆನ್ನು ಏನೋ ಹೇಳಲು ಬಾಯಿ ತೆರೆದ. ಮ್ಯಾನೇಜರ್ ಕೈಯೆತ್ತಿ ಅವನನ್ನು ತಡೆದು, ದೊಡ್ಡದಾಗಿ ಉಸಿರು ಬಿಟ್ಟು ಸೀಲು ಒತ್ತಿದರು.

ಆ ಸಂಜೆ ಫೈಲಿಗೆ ನನ್ನದೇ ಒಂದು ಸಾಲು ಸೇರಿಸಿದೆ. ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ ಸಾಲು: ಇಲ್ಲಿ ಯಾರೂ ಕಾರಣ ಹೇಳಬೇಕಿಲ್ಲ. ಆ ಫೈಲನ್ನು ಅಚ್ಚು ಮಾಡಿದ ಹಾಳೆಗಳನ್ನು ಚಿಕ್ಕಮ್ಮ ಕೇಳಿ ಇಸಿದುಕೊಂಡಳು.

ಬುಧವಾರ ಹತ್ತಕ್ಕೆ ತರಗತಿಯ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತಿದ್ದೆ. ಮಗಳು ಟೀಚರಮ್ಮನ ತುಟಿಯನ್ನೇ ನೋಡುತ್ತ "ಬಾ" ಎಂದಳು. ನನ್ನ ಮೊಬೈಲು ಮಿನುಗಿತು. ಚಿಕ್ಕಮ್ಮನ ಮೆಸೇಜು: "ಮನೇಲಿ ಕೂತು ನಿನ್ನ ಫೈಲ್ ಟೈಪ್ ಮಾಡ್ತಿದೀನಿ. ಎಲ್ಲೋ ಒಂದು ಕಡೆ ಕೆಂಪು ಬರ್ತಿದೆ. ಎಲ್ಲಿ ಅಂತ ಹೇಳೇ."

"ಹೇಳಲ್ಲ," ಎಂದು ಬರೆದೆ. "ಓದು ಚಿಕ್ಕಮ್ಮ."