ಸೊಸೆಯ ಪರ ಸಾಕ್ಷಿ

ಬೀಜಾಡಿಯ ಸೀತು ಮೂವತ್ತು ವರ್ಷ ಕೋಟೇಶ್ವರದ ಮಾರುಕಟ್ಟೆಯಲ್ಲಿ ಮೀನು ಮಾರಿದವಳು. ಗಂಡ ಬದುಕಿದ್ದಷ್ಟು ಕಾಲ ಕುಡಿದು ಬಂದು ಹೊಡೆಯುತ್ತಿದ್ದ. ಹಾಗಾಗಿ ಒಬ್ಬನೇ ಮಗ ಚಂದ್ರ ಬೋಟಿನ ಕೆಲಸಕ್ಕೆ ಸೇರಿದ ಮೇಲೂ ಹೆಂಡ ಮುಟ್ಟದೆ ಉಳಿದದ್ದು ಅವಳಿಗೆ ದೊಡ್ಡ ಸಮಾಧಾನ. ೨೦೧೦ರಲ್ಲಿ ಬಸ್ರೂರಿನಿಂದ ಕ್ಷಮಾ ಸೊಸೆಯಾಗಿ ಬಂದಾಗ, "ನಿನ್ ಪುಣ್ಯ ಹೆಣೆ, ನನ್ ಮಗ ಕುಡೂದಿಲ್ಲ" ಎಂದು ತಾನೇ ಹೇಳಿದ್ದಳು.

ಕ್ಷಮಾ ಬಾಯ್ತುಂಬ ಮಾತಾಡುವ ಹುಡುಗಿ. ನೆರೆಮನೆಯವರಿಗೆ ರವಿಕೆ ಹೊಲಿದು ಕೊಡುತ್ತಿದ್ದಳು. ಮೊದಲು ಆ ಹೊಲಿಗೆ ನಿಂತಿತು. ಆಮೇಲೆ ಸ್ವಸಹಾಯ ಸಂಘದ ಸಭೆ ತಪ್ಪಿತು. ಕಡೆಗೆ ಚಂದ್ರ ಬೋಟಿಗೆ ಹೋಗುವಾಗ ಅವಳ ಮೊಬೈಲನ್ನೂ ಕಿಸೆಗೆ ಹಾಕಿಕೊಂಡು ಹೋಗತೊಡಗಿದ. ತವರಿಗೆ ಮಾತಾಡುವುದಿಲ್ಲವೇ ಎಂದರೆ, "ಅವ್ರಿಗ್ ಇಷ್ಟ ಇಲ್ಲೆ ಅತ್ತೆ" ಎನ್ನುವಳು. ಹೆಂಡತಿಯ ಮೇಲೆ ಹುಡುಗನಿಗೆ ಪ್ರೀತಿ ಹೆಚ್ಚು ಎಂದುಕೊಂಡು ಸೀತು ಸುಮ್ಮನಾಗಿದ್ದಳು.

ಮರುವರ್ಷ ಏಪ್ರಿಲಿನಲ್ಲಿ ಒಂದು ದಿನ ಮೀನು ಬೇಗ ಖರ್ಚಾಗಿ ಸೀತು ಮಧ್ಯಾಹ್ನಕ್ಕೇ ಮನೆಗೆ ಬಂದಳು. ಚಂದ್ರ ಬೋಟಿನಿಂದ ಬಂದು ಮನೆಯಲ್ಲಿದ್ದ ದಿನ ಅದು. ಬಾಗಿಲಿಗೆ ಒಳಗಿಂದ ಚಿಲಕ. ಕ್ಷಮಾ ಸುಡುವ ಅಂಗಳದಲ್ಲಿ ಬರಿಗಾಲಲ್ಲಿ ನಿಂತಿದ್ದಳು.

"ಎಂತಕ್ ಇಲ್ ನಿಂತಿದ್ದಿ?"

"ಪೋಸ್ಟಿನವ್ರ ಹತ್ರ ನೆಗಾಡಿ ಮಾತಾಡ್ದೆ. ಕರೀದೆ ಒಳಗ್ ಬರೂಕಾಗ ಅಂದಿರ್. ನಂದೇ ತಪ್ಪ್ ಅತ್ತೆ. ಅವ್ರೇನ್ ದಿನಾ ಹೊಡೂದಿಲ್ಲ ಅಲ್ದಾ."

ನಂದೇ ತಪ್ಪು. ಆ ಮಾತನ್ನು ಸೀತು ಇಪ್ಪತ್ತು ವರ್ಷ ನೆರೆಯವರಿಗೆ ಹೇಳಿದ್ದಳು. ಸೊಸೆಯ ರಟ್ಟೆ ಹಿಡಿದು ರವಿಕೆಯ ತೋಳು ಮೇಲೆತ್ತಿದಳು. ಬಟ್ಟೆ ಮುಚ್ಚುವ ಜಾಗದಲ್ಲಿ ಮಾತ್ರ, ಚಿವುಟಿದ ನೀಲಿ ಕಲೆಗಳು.

ಬಾಗಿಲು ಬಡಿದು ತೆಗೆಸಿದಳು. ಚಂದ್ರ ದನಿ ಏರಿಸಲಿಲ್ಲ. "ಗಂಡ ಹೆಂಡ್ತಿ ನಡೂಗ್ ನೀ ಬರ್ಬ್ಯಾಡ ಅಬ್ಬಿ. ಸದ್ರ ಕೊಟ್ರೆ ತಲಿ ಮೇಲ್ ಕೂಕಂತ್ರ್" ಎಂದು ಉಂಡ ಕೈ ತೊಳೆಯಲು ಹೋದ. ಸೀತುವಿನ ಸತ್ತ ಗಂಡನ ಮಾತೇ ಅದು. ಅವನಿಗೆ ಕುಡಿದಿದ್ದ ನೆಪವಾದರೂ ಇತ್ತು.

ಎರಡು ದಿನ ಬಿಟ್ಟು ಚಂದ್ರ ಗಂಗೊಳ್ಳಿಗೆ, ಬೋಟಿಗೆ ಹೋದ. ಸೀತು ಸೊಸೆಯನ್ನು ಅವಸರಪಡಿಸಲಿಲ್ಲ. "ನಿಂಗೆಂತ ಬೇಕ್, ನೀನೇ ಹೇಳ್. ನಾ ನಿನ್ ಒಟ್ಟಿಗಿರ್ತೆ" ಎಂದಷ್ಟೇ ಹೇಳಿದಳು. ಮರುದಿನ ಅಕ್ಕಿ ತೊಳೆಯುತ್ತ ಕ್ಷಮಾ ತಲೆ ಎತ್ತದೆ, "ನಂಗ್ ಹೆದ್ರಿಕಿ ಆತ್ತ್ ಅತ್ತೆ. ಅವ್ರ್ ಬಪ್ಪ ದಿನ ಊಟ ಸೇರೂದಿಲ್ಲ" ಎಂದಳು.

ಇಬ್ಬರೂ ಅಂಗನವಾಡಿಯ ಸರೋಜ ಟೀಚರ ಬಳಿ ಹೋದರು. ಹೊಡೆತ ಮಾತ್ರ ಹಿಂಸೆಯಲ್ಲ, ಯಾರೊಡನೆಯೂ ಸೇರದ ಹಾಗೆ ಮಾಡುವುದು, ಹೆದರಿಸಿ ಇಡುವುದು ಕೂಡ ಹಿಂಸೆಯೇ, ಅದಕ್ಕೆ ಕಾನೂನು ಇದೆ ಎಂದು ಟೀಚರು ಬಿಡಿಸಿ ಹೇಳಿದರು. ಮೊದಲು ಕ್ಷಮಾಳ ಕೈಗೆ ತಮ್ಮ ಫೋನು ಕೊಟ್ಟು ತವರಿಗೆ ಮಾತಾಡಿಸಿದರು. ಮರುದಿನ ಬಸ್ಸಿನಲ್ಲಿ ಕುಂದಾಪುರದಲ್ಲಿ ಇಂಥ ದೂರು ಬರೆದುಕೊಳ್ಳುವ ಸಂರಕ್ಷಣಾಧಿಕಾರಿಯ ಕಚೇರಿಗೆ ಕರೆದೊಯ್ದರು.

ಅಲ್ಲಿನ ಮೇಡಂ ಕ್ಷಮಾ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಬರೆದುಕೊಂಡು, ಕಂಡವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

"ನಾ ಕಂಡಿದೆ. ಬರ್ಕಣಿ" ಎಂದಳು ಸೀತು.

"ನೀವು ಅವನ ತಾಯಿ ಅಲ್ಲವಾ?"

"ಹೌದ್. ಅದ್ಕೇ ನಾನೇ ಹೇಳ್ಬೇಕ್."

ಬರೆದ ಹಾಳೆಯ ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಕ್ಷಮಾ ಬಸ್ರೂರಿಗೆ ಹೋದಳು. ಚಂದ್ರ ಅವಳ ಹತ್ತಿರ ಸುಳಿಯಬಾರದೆಂದು ಕೋರ್ಟಿನ ಆದೇಶ ಬಂತು. ಅವನು ಸಿಟ್ಟಿನಲ್ಲಿ ಮಲ್ಪೆಯ ಬೋಟು ಸೇರಿ ಅಲ್ಲೇ ಉಳಿದ. ತಾಯಿಯೊಡನೆ ಮಾತು ಬಿಟ್ಟ. ಮಾರುಕಟ್ಟೆಯಲ್ಲಿ ಕೆಲವರು ಸೀತುವಿನ ಬುಟ್ಟಿ ದಾಟಿ ಮುಂದೆ ಹೋದರು. ಹೆತ್ತ ಮಗನನ್ನೇ ಮನೆ ಬಿಡಿಸಿದವಳು ಎಂದು ಅವಳ ಕಿವಿಗೆ ಬೀಳುವಂತೆಯೇ ಆಡಿಕೊಂಡರು. ಅವಳು ಎಷ್ಟೋ ದಿನ ಒಬ್ಬಳೇ ಕೂತು ಅತ್ತಳು.

ವರ್ಷ ಕಳೆದ ಮೇಲೆ ಒಂದು ಭಾನುವಾರ ಕ್ಷಮಾ ಅತ್ತೆಯನ್ನು ನೋಡಲು ಬಂದಳು. ಬಸ್ರೂರಿನ ಅಂಗಡಿಯೊಂದರಲ್ಲಿ ಹೊಲಿಗೆಗೆ ಸೇರಿದ್ದಳು. ಮೊದಲಿನಷ್ಟು ಮಾತಿಲ್ಲ, ಆದರೂ ಬಡಿಸಿದ್ದನ್ನು ಬಿಡದೆ ಉಂಡಳು.

"ನಂಗ್ ಮುಂಚೆಯೇ ಗೊತ್ತಾಗ್ಬೇಕಿತ್ತ್ ಮಗಾ" ಎಂದಳು ಸೀತು.

"ನಂಗೇ ಗೊತ್ತಿರ್ಲಿಲ್ಲ ಅತ್ತೆ" ಎಂದು ಕ್ಷಮಾ ಇಬ್ಬರ ಬಟ್ಟಲನ್ನೂ ಎತ್ತಿಕೊಂಡು ಬಾವಿಕಟ್ಟೆಗೆ ನಡೆದಳು.